ನನ್ನ ಎಡಗೈಯ ಬೋಣಿಗೆ

ಮೂಢನಂಬಿಕೆಯನ್ನು ಖಂಡಿಸುವುದು ಬಹಳ ಸುಲಭ, ಅದು ಇನ್ನೊಬ್ಬರ ಮನೆಯಲ್ಲಿರುವವರೆಗೆ. ನಮ್ಮ ಮನೆಗೇ, ಅದೂ ಎಳೆಯ ಬದನೆಕಾಯಿಯ ಚೀಲ ಹೊತ್ತುಕೊಂಡು ಬಂದು ಕೂತಿತೆಂದರೆ, ಅದನ್ನು ಎಬ್ಬಿಸಿ ಕಳಿಸುವ ಉಪಾಯ ಯಾವ ತರ್ಕಶಾಸ್ತ್ರದಲ್ಲೂ ಇಲ್ಲ. ಚಿಕ್ಕೋಡಿಯಲ್ಲಿ ಕಾಲೇಜು ಓದುತ್ತಿದ್ದಾಗ ‘ಶಕುನ ನಂಬಬೇಕೆ?’ ಎಂಬ ಚರ್ಚಾಸ್ಪರ್ಧೆಯಲ್ಲಿ ‘ಬೇಡ’ ಎಂದು ಮೇಜು ಗುದ್ದಿ ಗುದ್ದಿ ಕಪ್ಪು ಗೆದ್ದವನು ನಾನು. ಎದುರು ಪಕ್ಷದವನು ಪಾಪ, ವೇದಿಕೆ ಹತ್ತುವಾಗ ಎಡವಿದ್ದ; ಅದು ಅವನ ಅಪಶಕುನವೆಂದು ಗೇಲಿ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಶಕುನವನ್ನು ಖಂಡಿಸಲು ಶಕುನವನ್ನೇ ಬಳಸಿಕೊಂಡದ್ದು ನಿರ್ಣಾಯಕರಿಗೆ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆ ಕಪ್ಪಿನಲ್ಲಿ ಅವ್ವ ಹುಣಸೆಹಣ್ಣು ಇಡುತ್ತಿದ್ದಳು.

ಊರಿನ ದೊಡ್ಡ ಸಂತೆ ಬೇರೆ. ನಮ್ಮ ಓಣಿಯ ತುದಿಯ ಬೇವಿನ ಮರದ ಕೆಳಗೆ, ಭಾನುವಾರ ಬೆಳಿಗ್ಗೆ, ಸುತ್ತಲಿನ ಹಳ್ಳಿಗಳ ನಾಲ್ಕಾರು ರೈತರು ತಾವು ಬೆಳೆದದ್ದನ್ನು ಗೋಣಿತಟ್ಟಿನ ಮೇಲೆ ಹರವಿ ಕೂಡುತ್ತಿದ್ದರು. ಕಪ್ಪು ಗೆದ್ದ ವಾರವೇ ಅವ್ವ ಕೈಗೆ ಚೀಲ ತುರುಕಿದಳು: “ಬಾಯಿ ಬಡಕೊಂಡು ಕಪ್ಪ ತಂದಿ. ಚಲೋ ಬದನಿಕಾಯಿ ತರಾಕ ಆಗತೈತೇನು ನೋಡೂಣು.”

ಹೋದೆ. ಬದನೆಕಾಯಿ ಮಾರುವ ಅಂಕಲಿಯ ಬಾಯವ್ವ ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ತೆಗೆಯುತ್ತಿದ್ದಳು. ನಾನೇ ಮೊದಲ ಗಿರಾಕಿ, ಅಂದರೆ ಬೋಣಿಗೆ ನನ್ನದು. ಮೊದಲ ಗಿರಾಕಿಯ ಕೈಗುಣ ಚೆನ್ನಾಗಿದ್ದರೆ ಬುಟ್ಟಿ ಬೇಗ ಖಾಲಿ, ಇಲ್ಲದಿದ್ದರೆ ಮಧ್ಯಾಹ್ನದವರೆಗೆ ನೊಣ ಹೊಡೆಯಬೇಕು ಎಂಬುದು ಅಲ್ಲಿನವರೆಲ್ಲರ ನಂಬಿಕೆ. ನನ್ನೊಳಗಿನ ಭಾಷಣಕಾರ ಎದ್ದು ನಿಂತ. ಬೇಕೆಂದೇ ಎಡಗೈಯಲ್ಲಿ ದುಡ್ಡು ಚಾಚಿದೆ.

“ಏ ತಮ್ಮಾ, ಬಲಗೈಲೆ ಕೊಡೋ. ಬೋಣಗಿ ಐತಿ.”

“ಬಾಯವ್ವಾ, ಕೈಯಾಗ ಏನೂ ಇಲ್ಲ ಬೇ. ಇದೆಲ್ಲಾ ಮನಸಿನ ಭ್ರಮೆ,” ಎಂದು ಶುರು ಮಾಡಿದವನು ನಿಲ್ಲಲಿಲ್ಲ. ಹಿಂದೆ ಜನ ಸೇರಿದರು. ಪಕ್ಕದಲ್ಲಿ ಟೊಮೆಟೊ ಮಾರುವ ಬೇಡಕಿಹಾಳದ ದತ್ತು ಬೀಡಿ ಹಚ್ಚುವುದನ್ನೂ ಮರೆತು ಕೇಳಿದ. ಕೊನೆಗೆ ಬಾಯವ್ವ ಕೈ ಮುಗಿದಳು: “ತಾರೋ ಮಾರಾಯಾ! ಎಡಗೈಲೆರ ಕೊಡು, ಕಾಲಿಲೆರ ಕೊಡು. ಬಾಯಿ ಒಂದು ಮುಚ್ಚು!”

ಮರುವಾರ ಹೋದಾಗ ಬಾಯವ್ವ ದೂರದಿಂದಲೇ ಕರೆದಳು: “ಬಾರೋ ನಮ್ಮಪ್ಪಾ! ಹ್ವಾದ ಐತಾರ ಬಿಸಲು ಏರೂದರಾಗ ಬುಟ್ಟಿ ಖಾಲಿ! ನಿನ್ನ ಎಡಗೈ ಅಂದ್ರ ಎಡಗೈ!”

ನಾನು ಕಾರಣ ಬಿಡಿಸಿ ಹೇಳಿದೆ. ಅಂದು ಓಣಿಯಲ್ಲಿ ಬಸುರಿಯೊಬ್ಬಳ ಕುಬಸದ ಊಟವಿತ್ತು, ಅಡುಗೆಯವರು ಬುಟ್ಟಿಗಟ್ಟಲೆ ಕೊಂಡಿದ್ದರು, ಅಷ್ಟೇ.

“ಹೌದೋ. ಆ ಕುಬಸದವ್ರನ್ನ ನನ್ನ ಕಡೆನ ಕಳಿಸಿದವ್ರು ಯಾರು?”

ಇಂಥ ಪ್ರಶ್ನೆ ಕೇಳಿದವರನ್ನು ಚರ್ಚಾಸ್ಪರ್ಧೆಯಲ್ಲಿ ಗಂಟೆ ಬಾರಿಸಿ ಕೂರಿಸುತ್ತಾರೆ. ಸಂತೆಯಲ್ಲಿ ಗಂಟೆ ಇರುವುದಿಲ್ಲ. ಅಷ್ಟರಲ್ಲಿ ದತ್ತು ತನ್ನ ಅರೆಮರಾಠಿಯಲ್ಲಿ ಕೂಗಿ ಕರೆದ: “ಅಹೋ ಸಾಹೇಬ, ಇಕಡೆ ಯಾ! ನಮ್ಮ ಟಮಾಟಿಗೂ ಒಮ್ಮೆ ಎಡಗೈ ಹಚ್ಚರಿ!”

ಅಲ್ಲಿಂದ ನಾನು ಓಣಿಯ ಅಧಿಕೃತ ಎಡಗೈಯಾದೆ. ನಾನು ಬರುವವರೆಗೆ ಯಾರೂ ತಕ್ಕಡಿ ಎತ್ತುತ್ತಿರಲಿಲ್ಲ. ಆರಿಸಿದ ಎಳೆಯ ಬದನೆಕಾಯಿ, ಮೇಲೆ ಪುಕ್ಕಟೆ ಕರಿಬೇವು. ಎಣ್ಣೆಗಾಯಿಯ ವಾಸನೆಗೆ ಅಪ್ಪನೂ ನನ್ನನ್ನು ಗೌರವದಿಂದ ನೋಡತೊಡಗಿದರು. ನಾನು ನಂಬಿದೆನೆಂದು ತಿಳಿಯಬೇಡಿ. ಮೂಢನಂಬಿಕೆಯನ್ನು ಒಳಗಿನಿಂದ ಅಭ್ಯಾಸ ಮಾಡುತ್ತಿದ್ದೆ. ಅಭ್ಯಾಸಕ್ಕೆ ತೊಂದರೆಯಾಗದಿರಲೆಂದು ಶನಿವಾರ ಬೇಗ ಮಲಗುತ್ತಿದ್ದೆ, ಎಡಗೈಯ ಉಗುರನ್ನು ಸ್ವಚ್ಛವಾಗಿ ಕತ್ತರಿಸಿಕೊಳ್ಳುತ್ತಿದ್ದೆ.

ಒಂದು ಭಾನುವಾರ ನಾನು ಬೋಣಿಗೆ ಮಾಡಿ ಮನೆ ಮುಟ್ಟುವಷ್ಟರಲ್ಲಿ ಅಡ್ಡಮಳೆ ಹೊಡೆಯಿತು. ಒಬ್ಬ ಗಿರಾಕಿಯೂ ಮನೆಯಿಂದ ಹೊರಬೀಳಲಿಲ್ಲ. ಮುಂದಿನ ವಾರ ಚಾಚಿದ ನನ್ನ ಎಡಗೈ ಕಂಡು ಬಾಯವ್ವ ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡಳು.

“ತಮ್ಮಾ, ನೀ ಒಂದೀಟು ತಡಿ. ಮೊದಲ ಮಾಸ್ತರ ತಗೊಳ್ಳಲಿ.”

ಮಾಸ್ತರರು ಎಂದರೆ ನಮ್ಮ ಓಣಿಯ ನಿವೃತ್ತ ಡ್ರಿಲ್ ಮಾಸ್ತರರು. ಸದಾ ಸೀನುವ ಮನುಷ್ಯ. ನನಗೆ ತಡೆಯಲಾಗಲಿಲ್ಲ. “ಬಾಯವ್ವಾ, ಮಳಿ ಇಡೀ ತಾಲೂಕಿಗೆ ಬಂದೈತಿ. ಇಡೀ ತಾಲೂಕಿಗೆ ನಾನಽ ಬೋಣಗಿ ಮಾಡಿದ್ನೇನು? ಇಷ್ಟು ವಾರ ಬುಟ್ಟಿ ಖಾಲಿ ಆಗಿದ್ದು ಸುಳ್ಳೇನು? ಒಂದು ಸಲ ತಪ್ಪಿದ್ರ ಕೈಗುಣಾನ ಇಲ್ಲಂತ ಹೆಂಗ ಹೇಳತಿ?” ಎಂದು ಬುಟ್ಟಿಯ ಅಂಚು ಗುದ್ದಿದೆ. ಕಪ್ಪು ಗೆದ್ದ ದಿನವೂ ಇಷ್ಟು ಮನಸ್ಸಿಟ್ಟು ವಾದಿಸಿರಲಿಲ್ಲ.

ಬಾಯವ್ವ ನಕ್ಕಳು. “ನೀನಽ ಹೇಳಿದೆಲ್ಲೋ ತಮ್ಮಾ, ಕೈಯಾಗ ಏನೂ ಇಲ್ಲ ಅಂತ. ನಾ ಹುಚ್ಚಿ, ಅವತ್ತ ತಿಳೀಲಿಲ್ಲ. ಈಗ ಒಪ್ಪೀನಿ.”

ದತ್ತು ಟೊಮೆಟೊ ಒರೆಸುವ ನೆವದಲ್ಲಿ ಮುಖ ತಿರುಗಿಸಿಕೊಂಡ. ಒಬ್ಬರ ಮೂಢನಂಬಿಕೆಯನ್ನು ನಾನು ನಿಜವಾಗಿ ಬಿಡಿಸಿದ್ದು ಜೀವನದಲ್ಲಿ ಅದೊಂದೇ ಸಲ. ಚಪ್ಪಾಳೆ ಮಾತ್ರ ಬರಲಿಲ್ಲ. ಮಾಸ್ತರರು ಒಮ್ಮೆ ಸೀನಿ, ಬಲಗೈಯಲ್ಲಿ ದುಡ್ಡು ಕೊಟ್ಟು, ನನ್ನ ಬದನೆಕಾಯಿಗಳನ್ನು ಒಂದೊಂದಾಗಿ ಆರಿಸಿಕೊಂಡರು.

ನಾನು ಖಾಲಿ ಚೀಲ ಹಿಡಿದು ಬೇವಿನ ಮರದ ಕೆಳಗೆ ನಿಂತೆ. ಶಕುನವನ್ನು ನಾನು ಅಂದೂ ನಂಬುತ್ತಿರಲಿಲ್ಲ, ಇಂದೂ ನಂಬುವುದಿಲ್ಲ. ಆದರೂ ಮಾಸ್ತರರ ಬೋಣಿಗೆಯಾದ ಮೇಲೆ ಎಲೆಗಳ ಸಂದಿಯಿಂದ ಆಕಾಶವನ್ನು ಬಹಳ ಹೊತ್ತು ನೋಡಿದೆ. ಒಂದು ಸಣ್ಣ ಮೋಡವಾದರೂ ಸಾಕಿತ್ತು.