ಭಾವನ ವಿಮಾನಕ್ಕೆ ಜೋಡಪ್ಪನ ರೆಕ್ಕೆ

"ಒಂದೂವರೆ ತಿಂಗಳು! ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆ ಇಲ್ಲ! ಅಷ್ಟರಲ್ಲಿ ಭಾವನ ವಿಮಾನ ಆಕಾಶದಲ್ಲಿರುತ್ತೆ. ಇಲ್ಲದಿದ್ರೆ ನನ್ನ ಹೆಸರು ಬದಲಾಯಿಸಿ!"

ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ ನಿಂತು ಹೀಗೆ ಘೋಷಿಸಿದವನು ನಮ್ಮ ಜೋಡಪ್ಪ. ಹೆಸರು ಬದಲಾಯಿಸಿದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಅದು ಭಾವ ಇಟ್ಟ ಅಡ್ಡಹೆಸರು. ಮೂವತ್ತು ವರ್ಷದಿಂದ ಜೋಡು ಹೊಲಿಯುವವನನ್ನು ಇನ್ನೇನೆಂದು ಕರೆಯಲಿ ಎಂದು ಭಾವ ಕೇಳುತ್ತಿದ್ದರು. ಆ ಹೆಸರು ಬೀದಿಗೆಲ್ಲ ಹಬ್ಬಿತು. ಇಟ್ಟವರು ಮಾತ್ರ ತೀರಿಕೊಂಡು ಎಂಟು ತಿಂಗಳಾಗಿತ್ತು.

ಭಾವ ಬಸ್ಸಿನ ಡ್ರೈವರು. ಜೀವಮಾನವಿಡೀ ನೆಲದ ಮೇಲೆ ಗುಂಡಿ ತಪ್ಪಿಸುತ್ತಾ ಓಡಿದ ಮನುಷ್ಯ. ನಿವೃತ್ತಿಯಾದ ಮರುದಿನವೇ "ಇನ್ನು ಗುಂಡಿಯಿಲ್ಲದ ದಾರಿ!" ಎಂದು ಈ ವಿಮಾನಕ್ಕೆ ಕೈಹಾಕಿದರು. ಆಟಿಕೆ ಎಂದುಕೊಳ್ಳಬೇಡಿ! ಹಳೆಯ ಕಾಲದ ಟಪಾಲು ವಿಮಾನವೊಂದರ ಐದರಲ್ಲೊಂದು ಪಾಲಿನ ಅಳತೆ. ರೆಕ್ಕೆಯ ತುದಿಯಿಂದ ತುದಿಗೆ ಒಂಬತ್ತು ಅಡಿ. ಕೈಯಲ್ಲಿ ರಿಮೋಟು ಹಿಡಿದು ನೆಲದಲ್ಲಿ ನಿಂತೇ ಹಾರಿಸುವಂಥದ್ದು. ಮುಂದಿನ ಕೋಣೆಯ ಊಟದ ಮೇಜನ್ನು ಅದರ ಒಡಲು ಆಕ್ರಮಿಸಿಕೊಂಡ ಮೇಲೆ ಗಂಡ ಹೆಂಡತಿ ಇಬ್ಬರೂ ಎರಡು ವರ್ಷ ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಉಂಡರು. ಒಡಲು ಮುಗಿಯಿತು, ಬಾಲ ಮುಗಿಯಿತು, ಎಡಗಡೆಯ ರೆಕ್ಕೆ ಮುಗಿದು ಗೋಡೆಗೇರಿತು. ಬಲರೆಕ್ಕೆ ಬಾಕಿ ಇರುವಾಗ ಒಂದು ಬೆಳಿಗ್ಗೆ ಭಾವನ ಎದೆಬಡಿತ ನಿಂತುಹೋಯಿತು.

ಅಂದಿನಿಂದ ಅಕ್ಕ ಆ ಕೋಣೆಯನ್ನು ಗುಡಿಸಿರಲಿಲ್ಲ. ಮೇಜಿನ ಕೆಳಗೆ ಭಾವ ಮರ ಉಜ್ಜಿದ ಬಿಳಿಯ ಪುಡಿ ಹಾಗೇ ಬಿದ್ದಿತ್ತು. ಅದರಲ್ಲಿ ಅವರ ಚಪ್ಪಲಿಯ ಗುರುತಿತ್ತು, ಜೋಡಪ್ಪನೇ ಹೊಲಿದುಕೊಟ್ಟ ಚಪ್ಪಲಿ. ಅಕ್ಕ ಅತ್ತದ್ದನ್ನು ಯಾರೂ ನೋಡಿರಲಿಲ್ಲ, ನಕ್ಕದ್ದನ್ನಂತೂ ಕೇಳಲೇಬೇಡಿ. ಕೇಳಿದ್ದಕ್ಕೆ ಎರಡು ಮಾತಿನ ಉತ್ತರ, ಅಷ್ಟೇ. ತಮ್ಮನ ಘೋಷಣೆಯನ್ನು ಕೇಳಿ ಅವಳು ಮೊದಲ ಸಲ ಒಂದು ಪೂರ್ತಿ ವಾಕ್ಯ ಆಡಿದಳು.

"ಅವರಿಗೆ ನೋಡೋಕಾಗ್ಲಿಲ್ಲ ಕಣೋ. ಒಂದೇ ಒಂದ್ಸಲ ಹಾರಿದ್ದನ್ನ ನಾನಾದ್ರೂ ನೋಡ್ಬೇಕು."

ಆ ಮಾತು ಜೋಡಪ್ಪನ ಎದೆಗೆ ನಾಟಿತು. ವಿಮಾನದ ನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು ರಾಜಗಾಂಭೀರ್ಯದಿಂದ ಹೊರಟ. ಹೊಸಿಲಲ್ಲಿ ಅಕ್ಕ ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು.

ಊರಿನ ಇನ್ನೊಂದು ತುದಿಯಲ್ಲಿದ್ದ ಅವನ ಅಂಗಡಿ ಅಂದಿನಿಂದ ವಿಮಾನ ಕಾರ್ಖಾನೆಯಾಯಿತು! ಚರ್ಮ ಕತ್ತರಿಸುವ ಹಲಗೆಯ ಮೇಲೆ ನಕ್ಷೆ ಹರಡಿದ. ಬೆಂಡಿನಂಥ ಹಗುರ ಮರದ ಪಟ್ಟಿಗಳನ್ನು ನಕ್ಷೆಯ ಗೆರೆಗಳ ಮೇಲೆ ಜೋಡಿಸಿ, ಅಲುಗಾಡದಂತೆ ಬೂಟಿನ ಸಣ್ಣ ಮೊಳೆಗಳಿಂದ ಹಿಡಿಸಿದ. ನಕ್ಷೆಯ ಅಂಚಿನಲ್ಲಿ ಸಣ್ಣಕ್ಷರದ ಸೂಚನೆಯೊಂದಿತ್ತು. ಅದರ ಮೇಲೆ ಗೋಂದಿನ ಡಬ್ಬಿ ಇಟ್ಟ. ಸೂಚನೆ ಓದಿ ಕೆಲಸ ಮಾಡುವವನು ಕಸುಬುದಾರನೇ ಅಲ್ಲ ಎಂಬುದು ಅವನ ಸಿದ್ಧಾಂತ.

ಮಧ್ಯಾಹ್ನ ಬುತ್ತಿ ತಂದ ಹೆಂಡತಿ ಹಲಗೆಯತ್ತ ಬಗ್ಗಿ ನೋಡಿದಳು.

"ಏನ್ರೀ, ಇದ್ರಲ್ಲಿ ಒಂದೇ ರೆಕ್ಕೆ ಬರೆದಿದ್ದಾರೆ. ಇನ್ನೊಂದೆಲ್ಲಿ?"

"ಎರಡೂ ಒಂದೇ ತರ ಕಣೇ. ಹಕ್ಕಿ ನೋಡಿಲ್ವಾ?"

"ಹಕ್ಕಿ ನೋಡಿದೀನಿ. ನಿಮ್ಮನ್ನೂ ಇಪ್ಪತ್ತಾರು ವರ್ಷದಿಂದ ನೋಡ್ತಿದೀನಿ. ಅದಕ್ಕೇ ಕೇಳಿದ್ದು."

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೂವರೆ ತಿಂಗಳು ನಾಲ್ಕಾಯಿತು. ಹೊಲಿಗೆ ಬಿಟ್ಟ ಬೂಟುಗಳು ಬಾಯಿ ತೆರೆದುಕೊಂಡು ಮೂಲೆಯಲ್ಲಿ ಗುಡ್ಡೆ ಬಿದ್ದವು. ಶಾಲೆಯ ಹೆಡ್‌ಮೇಡಂ ಮೂರನೇ ಸಲ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ನನ್ನ ಚಪ್ಪಲಿ ಯಾವಾಗ ಕೊಡ್ತೀರಿ?"

"ಮೇಡಂ, ಇಲ್ಲಿ ವಿಮಾನ ತಯಾರಾಗ್ತಿದೆ!"

"ಆಗ್ಲಿ. ನಾನು ಶಾಲೆಗೆ ನಡ್ಕೊಂಡೇ ಹೋಗೋದು."

ಜಂಬದ ನಡುವೆ ಸಂಕಟವೂ ಇತ್ತು ಎನ್ನಬೇಕು. ಪಟ್ಟಿಯೊಂದು ನೇರವಾಗಿ ಕೂತಾಗಲೆಲ್ಲ "ಭಾವಾ, ನೋಡಿ ಇಲ್ಲಿ" ಎಂದು ತಿರುಗುತ್ತಿದ್ದ. ಭಾನುವಾರಗಳಂದು ಭಾವ ಕೂರುತ್ತಿದ್ದ ಸ್ಟೂಲಿನ ಮೇಲೆ ಬರೀ ಹರಿದ ಬೂಟುಗಳಿರುತ್ತಿದ್ದವು. ಆಗ ಅವನ ಕಣ್ಣು ತುಂಬುತ್ತಿತ್ತು. ಯಾರಾದರೂ ನೋಡಿದರೆ ಗೋಂದಿನ ಘಾಟು ಎನ್ನುತ್ತಿದ್ದ.

ಕೊನೆಗೂ ಆ ದಿನ ಬಂತು. ಅಕ್ಕನ ಮನೆಯ ಎದುರಿಗೇ ಚೆಂಡಾಟದ ಬಯಲು. ವಿಮಾನದೊಳಗೆ ಮೋಟರು, ತಂತಿ ಎಲ್ಲ ಕೂರಿಸಿದ್ದ ರೇಡಿಯೋ ರಿಪೇರಿಯವನು ರಿಮೋಟು ಹಿಡಿದು ಬಂದಿದ್ದ. ಹಾರಿಸುವ ವಿದ್ಯೆ ಗೊತ್ತಿದ್ದವನು ಅವನೊಬ್ಬನೇ. ಅಕ್ಕ ಮಡಿಕೆ ಬಿಚ್ಚಿದ ಸೀರೆಯುಟ್ಟು, ಎಂಟಲ್ಲ, ಹನ್ನೆರಡು ತಿಂಗಳ ಮೇಲೆ ಮೊದಲ ಸಲ ಬಯಲಿಗಿಳಿದಿದ್ದಳು. ಜೋಡಪ್ಪ ತನ್ನ ರೆಕ್ಕೆಯನ್ನು ಮಗುವನ್ನು ಎತ್ತಿಕೊಂಡಂತೆ ತಂದ. ಭಾವನ ಎಡರೆಕ್ಕೆ ಒಡಲಿಗೆ ಸೇರಿ ಗಟ್ಟಿಯಾಗಿ ಕೂತಿತು. ಬಲಗಡೆಗೆ ತನ್ನದನ್ನು ಹಿಡಿದ.

ರೆಕ್ಕೆಯ ಮುಂಭಾಗ ಬಾಲದ ಕಡೆಗಿತ್ತು!

ತಿರುಗಿಸಿ ಹಿಡಿದ. ಮುಂಭಾಗ ಮುಂದಕ್ಕೆ ಬಂತು, ಆದರೆ ರೆಕ್ಕೆ ಬೆನ್ನು ಕೆಳಗಾಗಿ ಅಂಗಾತ ಮಲಗಿತು. ಮತ್ತೆ ತಿರುಗಿಸಿದ. ಮತ್ತೆ ಹಿಂದುಮುಂದು. ನಾಲ್ಕನೇ ಸಲಕ್ಕೆ ರಿಪೇರಿಯವನು ಮೆಲ್ಲಗೆ ಕೆಮ್ಮಿದ.

"ಅಣ್ಣಾ... ಇದೂ ಎಡಗಡೇದೇ. ಬಲಕ್ಕೆ ನಕ್ಷೇನ ಮಗುಚಿ ಹಾಕ್ಕೋಬೇಕಿತ್ತು. ಅಂಚಲ್ಲಿ ಬರೆದಿರ್ತಾರೆ."

ಹೆಂಡತಿ ಎರಡೂ ಕೈಯನ್ನು ತಲೆಯ ಮೇಲೆ ಹೊತ್ತಳು. "ಅಯ್ಯೋ ನನ್ನ ಕರ್ಮವೇ! ಮೂವತ್ತು ವರ್ಷ ಎಡಗಾಲು ಬಲಗಾಲು ಅಂತ ಅಚ್ಚು ಇಟ್ಕೊಂಡು ಬದುಕಿದ ಮನುಷ್ಯ! ಬೀದೀಲಿ ಒಬ್ಬರಿಗಾದ್ರೂ ಎರಡು ಎಡಗಾಲಿನ ಜೋಡು ಕೊಟ್ಟಿದ್ರಾ? ಭಾವನೋರಿಗೇ ಕೊಡ್ಬೇಕಿತ್ತಾ?"

ಜೋಡಪ್ಪ ಅಕ್ಕನ ಮುಖ ನೋಡಿದ. ಅವಳು ತಿರುಗಿ, ಸರಸರನೆ ಮನೆಗೆ ನಡೆದುಬಿಟ್ಟಳು. ಅವನು ಹುಲ್ಲಿನ ಮೇಲೆ ಕುಸಿದು ಕೂತ. ಅಕ್ಕ ಕೇಳಿದ್ದು ಒಂದೇ ಒಂದು. ಅದನ್ನೂ ತಾನು ಹಾಳುಮಾಡಿದೆ. ಇನ್ನು ಅವಳು ಆ ಕೋಣೆಯ ಬಾಗಿಲು ಹಾಕಿಕೊಂಡರೆ ತೆರೆಯುವುದೇ ಇಲ್ಲ. ಹೀಗೆಂದುಕೊಂಡು ಅವನು ಹೆಂಡತಿ ಎದುರಿಗೇ ಬಿಕ್ಕಿಬಿಕ್ಕಿ ಅತ್ತ. ಗೋಂದಿನ ನೆಪ ಹೇಳಲೂ ಇಲ್ಲ.

ಹತ್ತು ನಿಮಿಷಕ್ಕೆ ಅಕ್ಕ ವಾಪಸು ಬಂದಳು. ಕೈಯಲ್ಲಿ ಹಳೆಯ ಹೊದಿಕೆಯಲ್ಲಿ ಸುತ್ತಿದ ಉದ್ದನೆಯದೇನೋ ಇತ್ತು. ಅವಳು ಬಿಚ್ಚಿ ಹುಲ್ಲಿನ ಮೇಲೆ ಇಟ್ಟಳು. ಇನ್ನೊಂದು ರೆಕ್ಕೆ! ಅದೂ ಎಡಗಡೆಯದೇ!

"ಅವರೂ ಇದನ್ನೇ ಮಾಡಿದ್ರು ಕಣೋ," ಎಂದಳು ಅಕ್ಕ. "ಎರಡನೇದು ಮುಗಿಸಿ ಹೊಂದಿಸೋಕೆ ಹೋದಾಗ ಗೊತ್ತಾಯ್ತು. ಬೀರು ಹಿಂದೆ ಬಚ್ಚಿಟ್ರು. 'ಆ ಜೋಡಪ್ಪನ ಹತ್ರ ಮಾತ್ರ ಬಾಯಿ ಬಿಡ್ಬೇಡ ಕಣೇ, ನಾನು ಬದುಕಿರೋವರೆಗೂ ಆಡ್ಕೋತಾನೆ' ಅಂತ ಆಣೆ ಹಾಕಿಸ್ಕೊಂಡ್ರು. ಸರಿಯಾದ್ದನ್ನ ನಾಳೆ ಶುರು ಮಾಡ್ತೀನಿ ಅಂದಿದ್ರು. ಆ ನಾಳೆ ಬೆಳಿಗ್ಗೇನೇ..."

"ನನಗೆ ಮೊದಲೇ ಹೇಳಬಾರದಿತ್ತಾ ಅಕ್ಕಾ?"

"ಅವತ್ತು ಹೊಸಿಲಲ್ಲಿ ಬಾಯಿತನಕ ಬಂತು. ಆಣೆ ನೆನಪಾಯ್ತು. ಅಲ್ದೆ ಜೋಡು ಹೊಲಿಯೋನಿಗೆ ಎಡ ಬಲ ನಾನು ಹೇಳ್ಕೊಡ್ಬೇಕಾ ಅಂದ್ಕೊಂಡೆ!"

ಅಷ್ಟು ಹೇಳುವುದರೊಳಗೆ ಅಕ್ಕನಿಗೆ ನಗು ಬಂದುಬಿಟ್ಟಿತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಎಲ್ಲಿ ಅಳುವಾಯಿತೋ ಯಾರಿಗೂ ತಿಳಿಯಲಿಲ್ಲ. ವರ್ಷವಿಡೀ ಹಿಡಿದಿಟ್ಟ ಅಳು ಅದು. ಜೋಡಪ್ಪನ ಹೆಂಡತಿ "ಅತ್ತಿಗೆ, ಅತ್ತಿಗೆ" ಎಂದು ಅವಳನ್ನು ತಬ್ಬಿಕೊಂಡಳು. ರಿಪೇರಿಯವನು ರಿಮೋಟಿನ ಗುಂಡಿಗಳನ್ನು ಸುಮ್ಮನೆ ಒರೆಸುತ್ತಾ ನಿಂತ.

ಬಲರೆಕ್ಕೆಯನ್ನು ಈ ಸಲ ಅಕ್ಕನ ಕೋಣೆಯಲ್ಲೇ ಕಟ್ಟಿದರು. ನಕ್ಷೆಗೆ ಎಣ್ಣೆ ಸವರಿದರೆ ಹಿಂಬದಿಯಿಂದಲೂ ಗೆರೆ ಕಾಣುತ್ತದೆ. ಅಕ್ಕ ಅದನ್ನು ಕಿಟಕಿಗೆ ಹಿಡಿದು ಮೂರು ಸಲ ಪರೀಕ್ಷಿಸಿ, ಬೋರಲು ಹಾಕಿಕೊಟ್ಟಳು. ಮೊದಲ ಪಟ್ಟಿಗೆ ಗೋಂದು ಹಚ್ಚುವಾಗ "ಧೂಳು ಅಂಟಿದರೆ ಹಿಡಿಯಲ್ಲ ಅಕ್ಕಾ" ಎಂದು ಜೋಡಪ್ಪ ಹೇಳಿದ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಕ್ಕ ಸ್ವಲ್ಪ ಹೊತ್ತು ಮೇಜಿನ ಕೆಳಗೇ ನೋಡುತ್ತಾ ನಿಂತಳು. ಆಮೇಲೆ ಪೊರಕೆ ತಂದು, ಬಗ್ಗಿ, ತಾನೇ ಗುಡಿಸಿದಳು. ಚಪ್ಪಲಿಯ ಗುರುತು ಅಳಿಯುವಾಗ ಜೋಡಪ್ಪ ಗೋಡೆಯ ಕಡೆ ತಿರುಗಿಕೊಂಡ.

ಎರಡು ತಿಂಗಳಿಗೆ ವಿಮಾನ ಹಾರಿತು. ನಿಜವಾಗಿ ಹಾರಿತು! ಬಯಲಿನುದ್ದಕ್ಕೂ ಓಡಿ, ತೂರಾಡಿ, ಇನ್ನೇನು ಗೋಲುಕಂಬಕ್ಕೆ ಬಡಿಯಿತು ಎನ್ನುವಾಗ ಮೇಲೆದ್ದಿತು. ಅಕ್ಕ ಹಣೆಗೆ ಕೈ ಅಡ್ಡ ಹಿಡಿದು ಕತ್ತೆತ್ತಿ ನೋಡಿದಳು. ಒಂದು ಸುತ್ತು, ಎರಡು ಸುತ್ತು. "ನೋಡ್ರೀ, ಗುಂಡಿಯಿಲ್ಲ," ಎಂದು ಅವಳು ಮೆಲ್ಲಗೆ ಅಂದದ್ದು ಪಕ್ಕದಲ್ಲಿದ್ದ ಜೋಡಪ್ಪನಿಗೆ ಮಾತ್ರ ಕೇಳಿಸಿತು. ಹೇಳಿದ್ದು ಅವನಿಗಲ್ಲ.

ನಾಲ್ಕು ನಿಮಿಷದ ಮೇಲೆ ಇಳಿಯುವಾಗ ಅಡ್ಡಗಾಳಿ ಬೀಸಿತು. ವಿಮಾನ ವಾಲಿ, ಎಡರೆಕ್ಕೆಯ ತುದಿ ನೆಲಕ್ಕೆ ತಾಗಿ, ಲಟಕ್ಕೆಂದು ಮುರಿಯಿತು. ಭಾವನ ರೆಕ್ಕೆ! ಗೋಡೆಯ ಮೇಲೆ ಅಷ್ಟು ಕಾಲ ಇದ್ದದ್ದು! ಜೋಡಪ್ಪ ಓಡಿಹೋಗಿ ಚೂರುಗಳ ಮುಂದೆ ಮಂಡಿಯೂರಿ, ಮೂಗಿನಲ್ಲಿ ನೀರು ಸುರಿಸುತ್ತಾ ಗೋಳೋ ಎಂದ.

ಅಕ್ಕ ನಿಧಾನವಾಗಿ ಬಂದು ಅವನ ಹೆಗಲ ಮೇಲೆ ಕೈಯಿಟ್ಟಳು.

"ಏಳೋ, ಸಾಕು. ಎಡರೆಕ್ಕೆಗೇನು ಬರ ನಮ್ಮನೇಲಿ? ಇನ್ನೂ ಎರಡಿವೆ. ನಿಂದೊಂದು, ಅವರದ್ದೊಂದು."

ಜೋಡಪ್ಪ ಮೂಗೊರೆಸಿಕೊಂಡು ಎದ್ದ. ಎದೆ ಮತ್ತೆ ಉಬ್ಬಿತು. "ಹಾಗಾದ್ರೆ ನಂದೇ ಹಾಕೋಣ ಅಕ್ಕಾ! ಭಾವಂದು ಭದ್ರವಾಗಿ ಗೋಡೆ ಮೇಲಿರ್ಲಿ."

"ಬೇಡ. ಅವರದ್ದೇ ಹಾಕು," ಎಂದಳು ಅಕ್ಕ. "ನಿಂದನ್ನ ಗೋಡೆಗೆ ನೇತುಹಾಕೋಣ. ವಿಮಾನ ಹಾರ್ಬೇಕಲ್ಲಪ್ಪಾ!"