ನಮ್ಮ ಕಾರ್ಖಾನೆ ನಿರ್ಧಾರ ಮಾಡಲು ಕಲಿತದ್ದು

ಬುದ್ಧಿವಂತರು ಹೆಚ್ಚಾದ ಕಡೆ ಇಂಥವು ನಡೀತಾನೇ ಇರುತ್ತವೆ. ನಮ್ಮ ಕಾರ್ಖಾನೆಯಲ್ಲಿ ಬುದ್ಧಿವಂತರು ತಿಂಗಳ ಸಂಬಳಕ್ಕಿದ್ದರು, ಹಾಗಾಗಿ ಬಿಡುವೇ ಇರಲಿಲ್ಲ.

ಎರಡು ಸಾವಿರದ ಆಚೀಚೆಯ ವರ್ಷಗಳು. ಮನೆಯವರಿಗೆ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತಿಕೆ. ನನಗೆ ಫರೀದಾಬಾದಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸ. ಚೆನ್ನಾಗಿದ್ದರೆ ಸಹಿ ಹಾಕಬೇಕು, ಚೆನ್ನಾಗಿಲ್ಲದಿದ್ದರೆ ಬೈಸಿಕೊಳ್ಳಬೇಕು. ಬೈಯುವವರು ಜನರಲ್ ಮ್ಯಾನೇಜರ್. ನಾವು ಕರೆಯುತ್ತಿದ್ದದ್ದು ದೊಡ್ಡ ಸಾಹೇಬರು ಅಂತ. ಒಂದು ದಿನ ಅವರಿಗೆ, ತಮ್ಮ ಕೈಕೆಳಗಿನವರಿಗೆ ಸಮಸ್ಯೆ ಬಿಡಿಸೋಕೂ ನಿರ್ಧಾರ ತಗೊಳ್ಳೋಕೂ ಬರುವುದಿಲ್ಲ ಎಂದು ಹೊಳೆಯಿತು. ದೆಹಲಿಯ ಹೌಜ್ ಖಾಸ್‌ನಿಂದ ಒಬ್ಬ ತರಬೇತುದಾರರನ್ನು ಕರೆಸಿದರು.

೧. ಬಾಗಿಲು

ತರಬೇತಿಯ ಮೊದಲ ದಿನ, ಹನ್ನೊಂದು ಗಂಟೆ. ಒಬ್ಬರು ಹೊರಗೆ ಹೋಗಲು ಎದ್ದು ಬಾಗಿಲು ಎಳೆದರು. ಹಿಡಿಕೆ ಕಿತ್ತು ಕೈಗೆ ಬಂತು, ಬಾಗಿಲು ಅಲ್ಲೇ ಉಳಿಯಿತು. ಒಳಗೆ ಮೂವತ್ತು ಜನ.

"ಗೇಟಿನ ವಾಚ್‌ಮನ್‌ಗೆ ಫೋನ್ ಮಾಡ್ತೀನಿ," ಅಂದೆ.

ತರಬೇತುದಾರರ ಮುಖ ಅರಳಿತು. "ಬೇಡ ಮೇಡಂ! ನೇರವಾಗಿ ಪರಿಹಾರಕ್ಕೆ ಹಾರಬಾರದು. ಇಂಥ ಅವಕಾಶ ಮತ್ತೆ ಸಿಗಲ್ಲ. ನಾಲ್ಕು ಗುಂಪು ಮಾಡಿಕೊಳ್ಳಿ."

ಗುಂಪಾದೆವು. ಹಳದಿ ಚೀಟಿ, ಗುಲಾಬಿ ಚೀಟಿ, ಬಣ್ಣದ ಪೆನ್ನು. ಮುಕ್ಕಾಲು ಗಂಟೆಯಲ್ಲಿ ಇಪ್ಪತ್ತೆರಡು ಪರಿಹಾರಗಳು ಗೋಡೆಗೆ ಅಂಟಿದವು. ಹೊರಗೆ ಹೋಗಲು ಎದ್ದವರು ಮಾತ್ರ ಕಾಲು ಬದಲಿಸುತ್ತಾ ಬೆವರುತ್ತಿದ್ದರು. ಅಷ್ಟರಲ್ಲಿ ಚಹಾ ತರುವ ಭಯ್ಯಾ ಕೆಟಲ್ ಹಿಡಿದು ಹೊರಗಿನಿಂದ ಬಾಗಿಲು ತಳ್ಳಿಕೊಂಡು ಬಂದ. "ಬಿಡಬೇಡ, ಹಿಡ್ಕೋ!" ಎಂದು ಎಲ್ಲರೂ ಒಟ್ಟಿಗೆ ಕೂಗಿದೆವು. ಆ ಕೂಗಿಗೆ ಬೆಚ್ಚಿ ಅವನು ಬಾಗಿಲನ್ನೇ ಬಿಟ್ಟ, ಅದು ಮತ್ತೆ ಮುಚ್ಚಿಕೊಂಡಿತು. ಈಗ ಒಳಗೆ ಮೂವತ್ತೊಂದು ಜನ.

ಭಯ್ಯಾ ಒಮ್ಮೆ ನಮ್ಮನ್ನು ನೋಡಿದ, ಒಮ್ಮೆ ಗೋಡೆಯ ಚೀಟಿಗಳನ್ನು ನೋಡಿದ. ಸಕ್ಕರೆ ಡಬ್ಬಿಯ ಚಮಚ ತೆಗೆದು, ಹಿಡಿಕೆ ಇದ್ದ ತೂತಿಗೆ ತೂರಿಸಿ ತಿರುಗಿಸಿದ. ಬಾಗಿಲು ತೆರೆಯಿತು.

ತರಬೇತುದಾರರು ಪೆನ್ನು ಹಿಡಿದು ಓಡಿ ಬಂದರು. "ವಾಹ್! ಯಾವ ಮಾಡೆಲ್ ಬಳಸಿದೆಯಪ್ಪಾ?"

"ಸ್ಟೀಲ್ ಚಮಚ, ಸಾಬ್."

೨. ಐದು ಸಲ ಏಕೆ

ಎರಡನೆಯ ದಿನದ ಪಾಠ: ಯಾವ ಸಮಸ್ಯೆಗೇ ಆಗಲಿ, ಐದು ಸಲ "ಏಕೆ?" ಎಂದು ಕೇಳಿದರೆ ಬೇರು ಸಿಗುತ್ತದೆ. ಅವತ್ತೇ ಪ್ರೆಸ್ ಯಂತ್ರವೊಂದು ನಿಂತಿತ್ತು. ದೊಡ್ಡ ಸಾಹೇಬರು ಉತ್ಸಾಹದಿಂದ ತಾವೇ ಪ್ರಶ್ನೆಗೆ ನಿಂತರು. ಉತ್ತರ ಕೊಡಲು ಪ್ರೆಸ್ ವಿಭಾಗದ ಹಿರಿಯ ಮಿಸ್ತ್ರಿಯನ್ನು ಕರೆಸಿದರು. ಹರಿಯಾಣದ ಮನುಷ್ಯ, ಮೀಸೆ ದಪ್ಪ, ಮಾತು ಕಮ್ಮಿ.

"ಯಂತ್ರ ನಿಂತದ್ದು ಏಕೆ?"

"ಬೇರಿಂಗ್ ಜಾಮ್ ಆಯ್ತು."

"ಏಕೆ?"

"ಸರಿಯಾಗಿ ಎಣ್ಣೆ ಹೋಗಲಿಲ್ಲ."

"ಏಕೆ?"

"ಎಣ್ಣೆ ಗಸಿ ಗಸಿ ಇದೆ, ಸಾಬ್."

"ಅದೇಕೆ?"

"ಎಣ್ಣೆ ಸಪ್ಲೈಗೆ ಹಳಬನನ್ನ ಬಿಟ್ಟು ಹೊಸಬನನ್ನ ಹಿಡಿದಿದ್ದಾರೆ."

ಹೊಸಬ ದೊಡ್ಡ ಸಾಹೇಬರ ಹೆಂಡತಿಯ ತಮ್ಮ ಎಂಬುದು ತರಬೇತುದಾರರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅವರು, ಪಾಪ, "ಇನ್ನೊಂದೇ ಇನ್ನೊಂದು ಏಕೆ!" ಎಂದು ಹುರಿದುಂಬಿಸಿದರು.

ಸಾಹೇಬರು ಗಡಿಯಾರ ನೋಡಿಕೊಂಡರು. "ಐದೆಲ್ಲ ದೊಡ್ಡ ಕಂಪನಿಗಳಿಗೆ. ನಮ್ಮಂಥವರಿಗೆ ನಾಲ್ಕು ಸಾಕು. ಚಲೋ, ಊಟಕ್ಕೆ."

ವರದಿಯಲ್ಲಿ "ಯಂತ್ರಕ್ಕೆ ವಯಸ್ಸಾಗಿದೆ" ಎಂದು ಬಂತು. ಹೊರಗೆ ಬಂದಾಗ ಮಿಸ್ತ್ರಿ ನನ್ನ ಕಿವಿಯಲ್ಲಿ ಹೇಳಿದ: "ಮೇಡಂಜೀ, ಆ ಐದನೇ ಏಕೆ ಕ್ಯಾಂಟೀನಿನಲ್ಲೇ ಕೂತಿದೆ. ಸಾಹೇಬರ ಜತೆ ಊಟಕ್ಕೆ ಬಂದಿದೆ."

೩. ಸ್ವಂತ ನಿರ್ಧಾರ

ತರಬೇತಿ ಮುಗಿದ ಮೇಲೆ ನೋಟಿಸ್ ಬೋರ್ಡಿನಲ್ಲಿ ಸುತ್ತೋಲೆ ಬಂತು: ಇನ್ನು ಮುಂದೆ ಪ್ರತಿಯೊಬ್ಬರೂ ತಮ್ಮ ಮಟ್ಟದಲ್ಲಿ ಧೈರ್ಯವಾಗಿ ನಿರ್ಧಾರ ತೆಗೆದುಕೊಳ್ಳತಕ್ಕದ್ದು.

ನಂಬಿದೆ. ಅದೇ ವಾರ ಬ್ರೇಕಿನ ಒಂದು ಭಾಗದಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಒಂದಲ್ಲ, ಹತ್ತಾರು. ಆ ಭಾಗ ಹೋಗಿ ಕೂರುವುದು ಯಾರದೋ ಟ್ರ್ಯಾಕ್ಟರಿನಲ್ಲಿ. ಮಾಲು ತಡೆದೆ. ಟ್ರಕ್ ಗೇಟಿನಲ್ಲಿ ನಿಂತಿತ್ತು. ಸಾಹೇಬರಿಂದ ಕರೆ ಬಂತು.

"ತಡೆಯೋಕೆ ಯಾರು ಹೇಳಿದ್ದು?"

"ನಿಮ್ಮ ಸುತ್ತೋಲೆ, ಸರ್."

"ನಿರ್ಧಾರ ತಗೊಳ್ಳಿ ಅಂದೆ. ತಪ್ಪು ನಿರ್ಧಾರ ತಗೊಳ್ಳಿ ಅಂದ್ನಾ?"

"ಸರಿಯಾದ್ದು ಯಾವುದು ಸರ್?"

"ನಾನಾಗಿದ್ದರೆ ಯಾವುದು ತಗೋತಿದ್ದೆನೋ ಅದು!"

"ಹಾಗಾದರೆ ನೀವೇ ಸಹಿ ಹಾಕಿ ಕಳಿಸಿಬಿಡಿ ಸರ್," ಎಂದು ಕಾಗದ ಮುಂದಿಟ್ಟೆ.

ಅವರು ಪೆನ್ನಿನ ಮುಚ್ಚಳ ತೆಗೆದರು. ಬಿರುಕು ಬಿಟ್ಟ ಭಾಗವನ್ನು ಬೆಳಕಿಗೆ ಹಿಡಿದು ನೋಡಿದರು. ಮುಚ್ಚಳ ಮತ್ತೆ ಹಾಕಿದರು. "ಮಾಲು ಇಳಿಸಿ ಟ್ರಕ್ ವಾಪಸ್ ಕಳಿಸಿ," ಅಂದರು ಮೆಲ್ಲಗೆ. "ಆದರೆ ನೆನಪಿರಲಿ, ಇದು ನಿಮ್ಮ ನಿರ್ಧಾರ. ಸರಿ ಅಂತ ಆಮೇಲೆ ಗೊತ್ತಾದರೆ, ನಮ್ಮದು."

೪. ಬಕೆಟ್

ಮಳೆಗಾಲದಲ್ಲಿ ಪ್ರೆಸ್ ವಿಭಾಗದ ತಗಡಿನ ಛಾವಣಿ ಸೋರತೊಡಗಿತು. ಆ ನೀರಿನಲ್ಲಿ ಜಾರಿ ಬಿದ್ದು ಮಿಸ್ತ್ರಿ ಸೊಂಟ ನೋಯಿಸಿಕೊಂಡ. ಛಾವಣಿ ರಿಪೇರಿಗೆ ಮೂರು ಸಲ ಬರೆದೆ. ಮೂರು ಸಲವೂ "ಪರಿಶೀಲನೆಯಲ್ಲಿದೆ" ಎಂದು ವಾಪಸ್ ಬಂತು. ಕೊನೆಗೆ ಮಿಸ್ತ್ರಿ ತಾನೇ ಒಂದು ಕೆಂಪು ಬಕೆಟ್ ತಂದು ಸೋರುವ ಜಾಗದ ಕೆಳಗಿಟ್ಟ.

ಅಷ್ಟರಲ್ಲಿ ದೊಡ್ಡ ಗಿರಾಕಿ ಕಂಪನಿಯ ಆಡಿಟರ್ ತಪಾಸಣೆಗೆ ಬಂದರು. ಅದೃಷ್ಟಕ್ಕೆ ಮಳೆ ನಿಂತಿತ್ತು. "ಈ ಬಕೆಟ್ ಏನು?" ಎಂದರು.

ದೊಡ್ಡ ಸಾಹೇಬರು ಕಣ್ಣು ಮಿಟುಕಿಸಲಿಲ್ಲ. "ಬೆಂಕಿ ಸುರಕ್ಷತೆ. ಸದಾ ತುಂಬಿರುತ್ತೆ."

ಆಡಿಟರ್‌ಗೆ ಬಹಳ ಮೆಚ್ಚುಗೆಯಾಯಿತು. ಬಕೆಟ್‌ಗೆ ನಂಬರ್ ಬಂತು, ಗೋಡೆಗೊಂದು ಪಟ್ಟಿ ಬಂತು, ನೀರಿನ ಮಟ್ಟವನ್ನು ದಿನಾ ಬರೆಯುವ ಕೆಲಸ ನನಗೆ ಬಂತು. ಮನೆಯಲ್ಲಿ ಹೇಳಿದರೆ ಮಗಳು, "ಅಮ್ಮಾ, ಯೇ ಆಫೀಸ್ ಹೈ ಯಾ ಸರ್ಕಸ್?" ಎಂದು ನಕ್ಕಳು.

ಅದೇ ಮಳೆಗಾಲದಲ್ಲಿ, ಯಾರ ಪುಣ್ಯವೋ, ಛಾವಣಿ ರಿಪೇರಿಯಾಯಿತು. ಮಿಸ್ತ್ರಿ ಬಕೆಟ್ ಬರಿದು ಮಾಡಿ ಎಲ್ಲರಿಗೂ ಲಡ್ಡು ಹಂಚಿದ. ವಾರದಲ್ಲೇ ಸಾಹೇಬರ ಕಚೇರಿಯಿಂದ ನನ್ನ ಮೇಜಿಗೆ ಕೆಂಪು ಕಾಗದ ಬಂತು: "ಬಕೆಟ್ ಖಾಲಿ. ಗಂಭೀರ ಲೋಪ. ಸಮಸ್ಯೆಯ ಕಾರಣ ಮತ್ತು ಪರಿಹಾರ ಬರೆದು ಕಳಿಸಿ."

ನನಗೆ ರೇಗಿತು. ಕಾರಣದ ಕಡೆ ಬರೆದೆ: "ಛಾವಣಿ ಸೋರುತ್ತಿಲ್ಲ." ಪರಿಹಾರದ ಕಡೆ ಬರೆದೆ: "ಒಂದು ತಗಡು ತೆಗೆಯುವುದು." ಓದಿದವರಿಗೆ ನಾಚಿಕೆಯಾಗಲಿ ಎಂದು ಬರೆದದ್ದು.

ಮಾರನೆಯ ಬೆಳಿಗ್ಗೆ ಪ್ರೆಸ್ ವಿಭಾಗಕ್ಕೆ ಕಾಲಿಟ್ಟರೆ ಮಿಸ್ತ್ರಿ ಏಣಿಯ ತುದಿಯಲ್ಲಿದ್ದ. ಕೈಯಲ್ಲಿ ಸ್ಪ್ಯಾನರ್, ಅರ್ಧ ಬಿಚ್ಚಿದ ತಗಡು.

"ಅಯ್ಯೋ, ಏನ್ಮಾಡ್ತಿದ್ದೀರಿ?"

ಅವನು ಜೇಬಿನಿಂದ ನನ್ನದೇ ಕಾಗದ ತೆಗೆದು ಕೆಳಕ್ಕೆ ಚಾಚಿದ. ನನ್ನ ಬರಹದ ಕೆಳಗೆ ದೊಡ್ಡ ಸಾಹೇಬರ ದುಂಡು ಅಕ್ಷರಗಳಿದ್ದವು: "ಅತ್ಯುತ್ತಮ ನಿರ್ಧಾರ. ಮುಂದಿನ ಮಳೆ ಬರುವುದರೊಳಗೆ ಮುಗಿಸಿ."