ಗಿರಣಿಯ ಎದೆಬಡಿತ

ಆ ಬೆಳಿಗ್ಗೆ ಅಜ್ಜಂಪುರದ ಸ್ಟೇಷನ್ ಹಿಂದಿನ ಬೀದಿಯಲ್ಲಿ ಗಿರಣಿಯ ಸದ್ದು ಏಳಲಿಲ್ಲ. ಆ ಸದ್ದಿಗೇ ಎದ್ದು ಒಲೆ ಹಚ್ಚುತ್ತಿದ್ದ ಹೆಂಗಸರು ತಡವಾಗಿ ಎದ್ದು, ಗಡಿಯಾರವೇ ಕೆಟ್ಟಿರಬೇಕೆಂದು ಅದನ್ನು ಅಲುಗಾಡಿಸಿ ನೋಡಿದರು. ರಾಗಿ ಡಬ್ಬ ಹೊತ್ತು ತಂದು ಮುಚ್ಚಿದ ಬಾಗಿಲೆದುರು ಕುಳಿತಿದ್ದ ಹುಲಿಯಮ್ಮನಿಗೆ ಮೊದಲು ವಿಷಯ ತಿಳಿಯಿತು. ಗಿರಣಿಯ ತೀರ್ಥಪ್ಪನವರು ಬೆಳಗಿನ ಪೂಜೆಗೆ ಕುಳಿತವರು, ಅಂಗೈಯ ಲಿಂಗವನ್ನು ನೋಡುತ್ತ ಕುಳಿತಂತೆಯೇ ಶಿವನ ಪಾದ ಸೇರಿದ್ದರು. ಅಂಥ ಸಾವು ಪುಣ್ಯವಂತರಿಗೆ ಬರುವುದು, ನಿಜ. ಆದರೆ ಉಳಿದವರ ದುಃಖ ಅದರಿಂದ ಕಡಿಮೆಯಾಗುವುದಿಲ್ಲ.

ಪಕ್ಕದ ಮನೆಯ ಕಲ್ಲೇಶನಿಗಂತೂ ಕೈಕಾಲೇ ಆಡಲಿಲ್ಲ. ಅವನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂ.ಟೆಕ್. ಓದುತ್ತಿದ್ದ. ಅವನ ಪ್ರಾಜೆಕ್ಟಿಗೆ ಆಧಾರ ತೀರ್ಥಪ್ಪನವರ ಹಳೆಯ ಗಿರಣಿಯೇ. ಅದರ ಮೈಗೆ ಸಣ್ಣದೊಂದು ಸೆನ್ಸರ್ ಅಂಟಿಸಿ, ಅದು ನಡುಗುವ ಬಗೆಯನ್ನು ಲ್ಯಾಪ್‌ಟಾಪಿನಲ್ಲಿ ಗೆರೆಯಾಗಿ ನೋಡುವುದು ಅವನ ಕೆಲಸ. ಗೆರೆ ಸುಮ್ಮನೆ ಸಾಗುತ್ತ ಸಾಗುತ್ತ, ತಾಳ ತಪ್ಪದೆ ಆಗಾಗ ಒಮ್ಮೆ ಚಂಗನೆ ಮೇಲೆ ನೆಗೆಯುತ್ತಿತ್ತು. ಅಂಥ ನೆಗೆತ ಯಾವ ಪುಸ್ತಕದಲ್ಲೂ ಇರಲಿಲ್ಲ. ಗಿರಣಿಯ ಶಾಫ್ಟಿನಲ್ಲಿ ಹಿಂದೆ ಯಾರೂ ಕಾಣದ ದೋಷವಿದೆ ಎಂದು ಕಲ್ಲೇಶ್ ಪ್ರಬಂಧ ಬರೆದ. ಅವನ ಗೈಡ್ ಸಾಹೇಬರು ತಲೆದೂಗಿದರು. ಬರುವ ಸೋಮವಾರ ವೈವಾ. ಅದು ಮುಗಿದರೆ ಡಿಗ್ರಿ.

ಹಿಟ್ಟಿನ ಧೂಳಿಗೆ ಅವನಿಗೆ ಸೀನು ಬರುತ್ತಿತ್ತು. ಹಾಗಾಗಿ ಗಿರಣಿಯಿಂದ ವೈರು ಎಳೆದುಕೊಂಡು, ತೀರ್ಥಪ್ಪನವರ ಹೆಂಡತಿ ಮಲ್ಲಿಕಾಂಬ ದೊಡ್ಡಮ್ಮನ ಅಡುಗೆಮನೆಯಲ್ಲಿ ಕುಳಿತು ಸಂಶೋಧನೆ ನಡೆಸುತ್ತಿದ್ದ. ದೊಡ್ಡಮ್ಮ ಒಗ್ಗರಣೆ ಅವಲಕ್ಕಿ ಕೊಡುತ್ತಿದ್ದರು. ಸಂಶೋಧನೆ ಚೆನ್ನಾಗಿಯೇ ಸಾಗಿತ್ತು.

ತೀರ್ಥಪ್ಪನವರಿಗೆ ಇದರಿಂದ ಬಂದ ಹೆಮ್ಮೆ ಅಷ್ಟಿಷ್ಟಲ್ಲ. "ನಮ್ಮ ಮಿಷನ್‌ಗೆ ಎದೆ ರೋಗ ಐತಂತೆ ಕಣ್ರೀ. ಕಲ್ಲೇಶ ಇಸಿಜಿ ತೆಗ್ದವ್ನೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ತಮ್ಮ ಎದೆ ನೋಯುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅಳುತ್ತಿದ್ದ ಮಲ್ಲಿಕಾಂಬ ಕಲ್ಲೇಶನನ್ನು ಹತ್ತಿರ ಕರೆದರು. "ನಾನು ಹೋಗೋ ದಿನ ಬ್ಯಾಂಡು ಗೀಂಡು ಬ್ಯಾಡ, ನನ್ನ ಮಿಷನ್ ಸದ್ದು ಒಂದು ಕೇಳಿಸ್ರಿ ಸಾಕು ಅನ್ನೋರು ಕಣಪ್ಪ. ಅವ್ರನ್ನ ಹೊತ್ತ ಹೂವಿನ ವಿಮಾನ ಬೀದೀಲಿ ಹೋಗೋವಾಗ ಅದನ್ನೊಂದು ಸ್ಟಾರ್ಟ್ ಮಾಡ್ತೀಯಾ?"

ಸಾವಿನ ಮನೆಯಲ್ಲಿ ಗಿರಣಿ ಓಡಿಸುವುದೇ ಎಂದು ಕೆಲವರು ಗೊಣಗಿದರು. ಮಠದ ಅಯ್ಯನವರು, ಅವರು ಜೀವಮಾನವೆಲ್ಲ ಮಾಡಿದ ಕಾಯಕದ ಸದ್ದು ತಾನೇ, ಕೇಳಲಿ ಬಿಡಿ ಎಂದರು. ಗಿರಣಿ ನೋಡಿಕೊಳ್ಳುತ್ತಿದ್ದ ತರೀಕೆರೆಯ ಮೆಕ್ಯಾನಿಕ್ ಸತೀಶನಿಗೆ ಫೋನು ಮಾಡಿದರೆ, ಅವನು ಯಾತ್ರೆಗೆ ಹೋಗಿದ್ದ. ಎದುರು ಮನೆಯ ಬೀಜದ ಅಂಗಡಿ ಓಂಕಾರೇಶನಿಗೆ ಅದೊಂದು ಚಿಂತೆಯೇ ಆಗಲಿಲ್ಲ.

"ಮೆಕ್ಯಾನಿಕ್ ಯಾಕ್ರೀ? ನಮ್ಮ ಕಲ್ಲೇಶ ಅದ್ರಲ್ಲೇ ಎಂ.ಟೆಕ್ ಮಾಡ್ತಾವ್ನೆ. ಲೇ, ಹೋಗಿ ಹ್ಯಾಂಡಲ್ ಹೊಡ್ಯೋ," ಎಂದ.

ಡೀಸೆಲ್ ಇಂಜಿನ್ನಿನೊಳಗೆ ಬೆಂಕಿ ಹೇಗೆ ಹತ್ತುತ್ತದೆ ಎಂಬುದನ್ನು ಕಲ್ಲೇಶ್ ಬೋರ್ಡು ತುಂಬ ಬರೆದು ತೋರಿಸಬಲ್ಲ. ಆದರೆ ಹುಟ್ಟಿದ ಮೇಲೆ ಒಮ್ಮೆಯೂ ಹ್ಯಾಂಡಲ್ ಹೊಡೆದವನಲ್ಲ. ಆದರೂ ದೊಡ್ಡಮ್ಮನ ಮುಖ ನೆನೆದು ಹಿಡಿದ. ಹಟ ಹಿಡಿದ ಎಮ್ಮೆಯಂತೆ ಇಂಜಿನ್ ಮಿಸುಕಲಿಲ್ಲ. ಹಿಂದಿನಿಂದ ಓಂಕಾರೇಶ್ ಎಡಕ್ಕೆ ಅನ್ನುವನು, ಕಿಟಕಿಯಲ್ಲಿ ಇಣುಕಿದವರು ಬಲಕ್ಕೆ ಅನ್ನುವರು. ಕಲ್ಲೇಶ್ ಕಣ್ಣು ಮುಚ್ಚಿ ಇದ್ದಬದ್ದ ಬಲವನ್ನೆಲ್ಲ ಹಾಕಿದ. ಹ್ಯಾಂಡಲ್ ಅರ್ಧ ಸುತ್ತು ಹೋಗಿ, ಮನಸ್ಸು ಬದಲಾಯಿಸಿ, ತಿರುಗಿ ಒದೆಯಿತು. ಅವನು ಹಿಂದಕ್ಕೆ ಹಾರಿ ಅಕ್ಕಿಹಿಟ್ಟಿನ ದೊಡ್ಡ ಡಬ್ಬದ ಮೇಲೆ ಬಿದ್ದ. ಡಬ್ಬ ಮಗುಚಿ ಅವನ ತಲೆಯ ಮೇಲೆ ಅಭಿಷೇಕವಾಯಿತು.

ಅದೇ ಹೊತ್ತಿಗೆ ಯಗಟಿಯ ನೆಂಟರು ಬಸ್ಸಿಳಿದು ಬಂದರು. ಗಿರಣಿಯ ಬಾಗಿಲಲ್ಲಿ, ಮೈತುಂಬ ಬೆಳ್ಳಗೆ ಬಳಿದುಕೊಂಡು ಕಣ್ಣು ಮುಚ್ಚಿ ಕುಳಿತವನನ್ನು ಕಂಡು, ವಿಭೂತಿ ಧರಿಸಿದ ಯಾವುದೋ ಮಠದ ಸ್ವಾಮಿಗಳೇ ಸರಿ ಎಂದು ಸಾಲಾಗಿ ಕಾಲಿಗೆ ಬಿದ್ದರು. ಕಲ್ಲೇಶ್ ಆಶೀರ್ವಾದಕ್ಕೆ ಬದಲು ಸೀನಿದ. ಅದನ್ನೂ ಅವರು ಭಕ್ತಿಯಿಂದಲೇ ಸ್ವೀಕರಿಸಿದರು. ತೀರ್ಥಪ್ಪನವರ ತಂಗಿ ಕಾಶಮ್ಮ ಮಾತ್ರ ಕಾಲು ಬಿಡಲಿಲ್ಲ.

"ನಮ್ಮಣ್ಣ ಒಳ್ಳೆ ಕಡೀಕ್ ಹೋದ್ನಾ ಬುದ್ದಿ?" ಎಂದು ಕೇಳಿತು ಆ ಮುದಿಜೀವ.

ನಾನು ಸ್ವಾಮಿಯಲ್ಲ ಎನ್ನಲು ಬಾಯಿ ತೆರೆದವನು ಆ ಕಣ್ಣು ನೋಡಿದ. "ಹೋದ್ರು ತಾಯಿ. ಒಳ್ಳೆ ಕಡೆಗೇ ಹೋದ್ರು," ಎಂದ.

ಆಮೇಲೆ ನೋಡಿದರೆ ಟ್ಯಾಂಕಿನಲ್ಲಿ ಡೀಸೆಲ್ಲೇ ಇರಲಿಲ್ಲ. ಓಂಕಾರೇಶನ ಟ್ರ್ಯಾಕ್ಟರಿನಿಂದ ತೆಗೆಸಿ ಹಾಕಿದ್ದಾಯಿತು. ಅಷ್ಟರಲ್ಲಿ ತೀರ್ಥಪ್ಪನವರನ್ನು ಹೂವಿನ ವಿಮಾನದಲ್ಲಿ ಕುಳ್ಳಿರಿಸಿ ಎತ್ತಿದರು. ಭಜನೆಯವರು ಮುಂದೆ ಬಂದರು. ಗಿರಣಿ ಬರಿದಾಗಿ ಓಡಬಾರದು. ಹುಲಿಯಮ್ಮ ಬೆಳಿಗ್ಗೆ ತಂದಿದ್ದ ರಾಗಿಯನ್ನೇ ಮೇಲಿನ ತಗಡಿನ ಡಬ್ಬಕ್ಕೆ ಸುರಿದಳು. ಕಲ್ಲೇಶ್ ಮನಸ್ಸಿನಲ್ಲೇ ತೀರ್ಥಪ್ಪನವರ ಕ್ಷಮೆ ಕೇಳಿ ಹ್ಯಾಂಡಲ್ ತಿರುವಿದ. ವಿಮಾನ ಬಾಗಿಲೆದುರು ಬಂತು. ಇಂಜಿನ್ ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಪುಕು ಪುಕು ಎಂದು ಹೊರಟೇಬಿಟ್ಟಿತು.

ಬೀದಿಗೆ ಬೀದಿಯೇ ನಿಂತಿತು. ವಿಮಾನ ಹೊತ್ತವರೂ ನಿಂತರು. ಮಲ್ಲಿಕಾಂಬ ಕೈಮುಗಿದು, "ಕೇಳಿಸ್ತಾ?" ಎಂದು ಗಂಡನನ್ನು ಕೇಳಿದರು. ಅಷ್ಟು ಹೊತ್ತೂ ಬಾಯಿ ಮುಚ್ಚದಿದ್ದ ಓಂಕಾರೇಶ್ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಮೆರವಣಿಗೆ ಮುಂದೆ ಸಾಗಿತು. ಹೊರಡುವ ಮುಂಚೆ ಮಲ್ಲಿಕಾಂಬ, ಅವರು ಯಾರ ರಾಗಿಯನ್ನೂ ಅರ್ಧಕ್ಕೆ ನಿಲ್ಲಿಸಿದವರಲ್ಲ, ಮುಗಿಸಿಯೇ ಬಾ ಎಂದಿದ್ದರು. ಕಲ್ಲೇಶ್ ಉಳಿದ. ಗೈಡ್ ಸಾಹೇಬರು ಕೊನೆಯದೊಂದು ರೀಡಿಂಗ್ ಬೇಕೆಂದಿದ್ದುದು ನೆನಪಾಯಿತು. ಅಡುಗೆಮನೆಯ ತುಂಬ ನೆಂಟರಿದ್ದುದರಿಂದ, ಮೊದಲ ಬಾರಿಗೆ ಗಿರಣಿಯೊಳಗೇ ಲ್ಯಾಪ್‌ಟಾಪ್ ತೆರೆದು ಕುಳಿತ.

ಗೆರೆ ಕೆರೆಯ ನೀರಿನಂತೆ ಸಮನಾಗಿತ್ತು. ನೆಗೆತವೇ ಇಲ್ಲ. ಯಜಮಾನರ ಜೊತೆ ರೋಗವೂ ಹೋದಂತಿತ್ತು. ಸೆನ್ಸರ್ ಒತ್ತಿ ನೋಡಿದ, ವೈರು ಎಳೆದು ನೋಡಿದ. ಎಲ್ಲ ಸರಿ ಇತ್ತು. ಅತ್ತ ಹಿಟ್ಟೂ ಬೀಳುತ್ತಿರಲಿಲ್ಲ. ರಾಗಿ ಮೇಲೆಯೇ ಕಟ್ಟಿಕೊಂಡಿತ್ತು.

"ತಟ್ಟಪ್ಪಾ. ತಟ್ದಿದ್ರೆ ಎಂಗ್ ಇಳೀತದೆ?" ಎನ್ನುತ್ತ ಹುಲಿಯಮ್ಮ ಎದ್ದು ಬಂದು, "ಶಿವಾ" ಎಂದು ತಗಡಿನ ಡಬ್ಬಕ್ಕೆ ಅಂಗೈಯಿಂದ ಒಂದೇಟು ಹಾಕಿದಳು.

ರಾಗಿ ಸರಸರನೆ ಇಳಿಯಿತು. ತೆರೆಯ ಮೇಲೆ ಗೆರೆ ಚಂಗನೆ ನೆಗೆಯಿತು.

ಕಲ್ಲೇಶ್ ಲ್ಯಾಪ್‌ಟಾಪನ್ನೂ ಹುಲಿಯಮ್ಮನ ಕೈಯನ್ನೂ ನೋಡಿದ. ಇನ್ನೊಂದು ಸಲ ಹೊಡೆ ಎಂದ. "ಶಿವಾ." ಮತ್ತೆ ನೆಗೆಯಿತು.

"ಯಜಮಾನ್ರು ಇಂಗೇ ಕಣಪ್ಪ, ಬೆಳಗಿಂದ ಸಂಜೆಗಂಟ. ಜಪನೂ ಆಯ್ತದೆ, ರಾಗಿನೂ ಇಳೀತದೆ ಅನ್ನೋರು. ನೀನು ಮಿಷನ್‌ಗೆ ಕಾಯಿಲೆ ಅಂದ್ಮೇಲಂತೂ ಪಾಪ, ವಾಸಿಯಾಗ್ಲಿ ಅಂತ ಇನ್ನೂ ಜೋರಾಗಿ ತಟ್ಟೋರು."

ದೋಷ ದಿನೇ ದಿನೇ ಉಲ್ಬಣಿಸುತ್ತಿದೆ ಎಂದು ಅವನು ಒಂದು ಇಡೀ ಅಧ್ಯಾಯವನ್ನೇ ಬರೆದಿದ್ದ.

ಅಷ್ಟರಲ್ಲಿ ಫೋನು ಬಂತು. ಗೈಡ್ ಸಾಹೇಬರು. ದೋಷಕ್ಕೆ ಮೂಲ ಕಾರಣ ಸಿಕ್ಕಿತೇ ಎಂದು ಕೇಳಿದರು.

"ಸಿಕ್ತು ಸಾರ್," ಎಂದ ಕಲ್ಲೇಶ್.

"ಭೇಷ್. ಸೋಮವಾರ ಅದನ್ನ ಬಿಚ್ಚಿ ತಗೊಂಡು ಬಂದ್ಬಿಡಿ. ಎಕ್ಸಾಮಿನರ್ ಕಣ್ಣಾರೆ ನೋಡಲಿ," ಎಂದು ಅವರು ಸಂತೋಷದಿಂದ ಫೋನಿಟ್ಟರು.

ಕಲ್ಲೇಶ್ ಲ್ಯಾಪ್‌ಟಾಪಿನಲ್ಲಿ ಹಳೆಯ ಗೆರೆಗಳನ್ನು ತೆಗೆದು ನೋಡಿದ. ಒಂದೊಂದು ನೆಗೆತವೂ ಒಂದೊಂದು ಶಿವನಾಮ. ಡಿಗ್ರಿಗೆಂದು ಅವನು ಕೂಡಿಟ್ಟದ್ದೆಲ್ಲ ಆ ಮುದುಕನ ಜಪ.

ದೂರದಲ್ಲಿ ಭಜನೆ ಕ್ಷೀಣವಾಗುತ್ತಿತ್ತು. ರಾಗಿ ಮತ್ತೆ ಕಟ್ಟಿಕೊಂಡಿತು. ಕಲ್ಲೇಶ್ ಲ್ಯಾಪ್‌ಟಾಪ್ ಮುಚ್ಚಿ, ಹಿಟ್ಟು ಮೆತ್ತಿದ ಕೈಯಿಂದ ಡಬ್ಬವನ್ನು ಮೆಲ್ಲಗೆ ತಟ್ಟಿದ.

"ಶಿವಾ, ನನ್ನ ಡಿಗ್ರಿ ನಿನಗೆ ಬಿಟ್ಟದ್ದು. ಅವರ ಕೈ ತಟ್ಟಿ ತಟ್ಟಿ ದಣಿದಿದೆ. ನಮ್ಮ ತೀರ್ಥಪ್ಪ ದೊಡ್ಡಪ್ಪನಿಗೆ ನಿನ್ನ ಪಾದದಲ್ಲಿ ಜಾಗ ಕೊಡು, ಆ ಜೀವಕ್ಕೆ ಶಾಂತಿ ಕೊಡು."